ಎರಡನೆಯ ಹಾಳೆ

“ಗಲ್ಲ ಗಟ್ಟಿಯಾಗಿ ಹಿಡ್ಕೊಳೇ ಮಾರಾಯ್ತಿ. ಬಿಟ್ಟರೆ ಮತ್ತೆ ವಾಲುತ್ತೆ,” ಎಂದರು ಸಣ್ಣಮ್ಮ.

ಸಮತಾ ಎರಡೂ ಅಂಗೈಗಳಿಂದ ದಾಕ್ಷಾಯಣಿ ಮೇಡಂ ಅವರ ಗಲ್ಲವನ್ನು ಎತ್ತಿ ಹಿಡಿದಿದ್ದಳು. ಗೋಡೆಗೆ ಒರಗಿಸಿದ ಹಲಗೆಗೆ ಬೆನ್ನು ಕೊಟ್ಟು, ಕಾಲು ಮಡಿಸಿ ಕೂರಿಸಿದ್ದಾಗಿತ್ತು. ಸೊಂಟಕ್ಕೂ ಎದೆಗೂ ಬಿಳಿ ಪಂಚೆಯ ಪಟ್ಟಿ ಸುತ್ತಿ ಹಲಗೆಗೆ ಬಿಗಿದಿದ್ದರು. ತಲೆ ಮಾತ್ರ ನಿಲ್ಲುತ್ತಿರಲಿಲ್ಲ. ಯಾರದೋ ಮಾತಿಗೆ ಕಿವಿಗೊಟ್ಟವರ ಹಾಗೆ ಎಡಕ್ಕೆ ವಾಲುತ್ತಿತ್ತು. ಲಿಂಗವಂತರ ಮನೆಯಲ್ಲಿ ಸತ್ತವರನ್ನು ಮಲಗಿಸಿ ಕಳಿಸುವುದಿಲ್ಲ; ಕೂತಂತೆಯೇ ಮಣ್ಣು ಮಾಡಬೇಕು. ಮೈ ಸೆಟೆಯುವುದರೊಳಗೆ ಈ ಕೆಲಸ ಮುಗಿಯಬೇಕು. ಪ್ರಾಣ ಹೋದದ್ದು ಬೆಳಗಿನ ಐದಕ್ಕೆ. ಈಗ ಆರೂವರೆ.

ಪಕ್ಕದ ಮನೆಯ ಸಣ್ಣಮ್ಮನಿಗೆ ಎಪ್ಪತ್ತರ ಮೇಲೆ ವಯಸ್ಸು. ಭದ್ರಾವತಿಯ ನ್ಯೂಟೌನಿನ ಆ ಬೀದಿಯಲ್ಲಿ ಯಾರು ಸತ್ತರೂ ಮೊದಲು ಅವರನ್ನೇ ಕರೆಯುತ್ತಿದ್ದರು. ಅವರು ಹಣೆಗೆ ಅಡ್ಡಲಾಗಿ ಒಂದು ಪಟ್ಟಿ ಕಟ್ಟಿ ಹಲಗೆಯ ಹಿಂದೆ ಗಂಟು ಹಾಕಿದರು. ಆಮೇಲೆ ಟವೆಲೊಂದನ್ನು ನಾಲ್ಕು ಮಡಿಕೆ ಮಾಡಿ ಸಮತಾಳ ಮಂಡಿಯ ಕೆಳಗೆ ತಳ್ಳಿದರು. ಅರ್ಧ ಗಂಟೆಯಿಂದ ಬರಿಯ ನೆಲದ ಮೇಲೆ ಮಂಡಿಯೂರಿದ್ದೇನೆಂಬುದು ಸಮತಾಳಿಗೆ ಆಗಲೇ ತಿಳಿದದ್ದು.

“ನಾಲ್ಕು ದಿನದಿಂದ ರಜೆ ಹಾಕಿ ಇಲ್ಲೇ ಇದ್ದೀಯ. ಒಂದು ತೊಟ್ಟು ಕಾಫಿ ಕುಡಿ ಹೋಗು. ಇನ್ನು ಬಿಟ್ಟರೂ ಬೀಳಲ್ಲ.”

ಸಮತಾ ಕೈ ಬಿಟ್ಟಳು. ತಲೆ ನಿಂತಿತು.

ಪಡಸಾಲೆಯಲ್ಲಿ ಮೇಡಂ ಅವರ ಯಜಮಾನರು ಚಂದ್ರಶೇಖರಪ್ಪ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಕಾಗದದ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ದುಡಿದ ಮನುಷ್ಯ. ಎದುರಿಗೆ ಬೀದಿಯ ಡಾಕ್ಟರು ನಿಂತಿದ್ದರು. ನಾಡಿ ನೋಡುವ ಶಾಸ್ತ್ರ ಮುಗಿದಿತ್ತು.

“ಮನೇಲೇ ಹೋಗಿರೋದ್ರಿಂದ ನಾನೊಂದು ಚೀಟಿ ಬರೆದುಕೊಡ್ಬೇಕು ಯಜಮಾನ್ರೇ. ಹಳೇ ಕಾಗದ-ಪತ್ರ ಏನಿದೆ? ಏನು ಕಾಯಿಲೆ ಅಂತ ನೋಡ್ಕೊಂಡು ಬರೀತೀನಿ.”

“ಬೀರುವಿನಲ್ಲಿ ಫೈಲಿದೆ. ನಮ್ಮ ಸಮತಂಗೆ ಗೊತ್ತು. ಓದಿ ಹೇಳಿದ್ದೇ ಅವಳು,” ಎಂದರು ಚಂದ್ರಶೇಖರಪ್ಪ. “ಅಲ್ಸರ್ ಅಂತೆ.”

ಡಾಕ್ಟರು ಒಳಗೆ ಕೂರಿಸಿದ್ದ ದೇಹವನ್ನು ಒಮ್ಮೆ ನೋಡಿದರು. ಒಣಗಿದ ಕೊರಳು, ಅರಿಸಿನದ ಬಣ್ಣಕ್ಕೆ ತಿರುಗಿದ ಚರ್ಮ. ಆಮೇಲೆ ಸಮತಾಳ ಮುಖ ನೋಡಿದರು. “ಅಳಿಯಂದ್ರು ಬಂದ ಮೇಲೆ ಫೈಲು ಕೊಟ್ಟು ಕಳಿಸಿ. ಅವಸರ ಏನಿಲ್ಲ.”

ಮಗಳು ಪ್ರಿಯದರ್ಶಿನಿಯೂ ಅಳಿಯ ಜ್ಞಾನೇಶನೂ ಹಾವೇರಿಯಿಂದ ಹೊರಟು ಅರ್ಧ ಗಂಟೆಯಾಗಿತ್ತು. ಒಂಬತ್ತೂವರೆಗೆ ಬರುತ್ತಾರೆ. ಪ್ರಿಯದರ್ಶಿನಿ ಡಿಸಿ ಕಚೇರಿಯಲ್ಲಿ ಕೆಲಸ ಮಾಡುವವಳು, ದಿನವಿಡೀ ಕಡತ ಓದುವವಳು. ಆ ಫೈಲು ಅವಳ ಕೈಗೆ ಹೋದರೆ ಮುಗಿಯಿತು.

ಅದರಲ್ಲಿ ಎರಡು ಹಾಳೆಗಳಿದ್ದವು. ಸಮತಾ ಓದಿ ಹೇಳಿದ್ದು ಒಂದನ್ನು ಮಾತ್ರ. ಎರಡನೆಯದರಲ್ಲಿ ಇದ್ದದ್ದನ್ನು ಬಿಟ್ಟು, ಇಲ್ಲದ್ದನ್ನು ಓದಿದ್ದಳು.

*

ಅಕ್ಟೋಬರಿನ ಒಂದು ಸಂಜೆ ಅದು. ಶಿವಮೊಗ್ಗದ ಆಸ್ಪತ್ರೆಯಿಂದ ರಿಪೋರ್ಟು ತಂದದ್ದು ಸಮತಾಳೇ. ಅಲ್ಲಿಯ ಜೂನಿಯರ್ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವ ಅವಳು ಭಾನುವಾರಕ್ಕೊಮ್ಮೆ ಬಸ್ಸು ಹಿಡಿದು ಭದ್ರಾವತಿಗೆ ಬಂದು ಮೇಡಂಗೆ ಓದಿ ಹೇಳುತ್ತಿದ್ದಳು. ಸಕ್ಕರೆ ಕಾಯಿಲೆ ಎರಡು ವರ್ಷದಲ್ಲಿ ಮೇಡಂ ಅವರ ಎರಡೂ ಕಣ್ಣುಗಳನ್ನು ತಿಂದು ಹಾಕಿತ್ತು. ಹಿಂದೆ ಕಾಲೇಜಿನಲ್ಲಿ ತನಗೆ ಇಂಗ್ಲಿಷ್ ಓದಿಸಿದವರಿಗೆ ಈಗ ಓದಿ ಹೇಳುವುದು ಸಾಲ ತೀರಿಸಿದ ಹಾಗಲ್ಲ, ಅದೊಂದು ಸುಖ.

ಆ ದಿನ ಆಸ್ಪತ್ರೆಯ ಡಾಕ್ಟರು ಸಮತಾಳನ್ನು ಒಳಗೆ ಕರೆದು ಹೇಳಿದ್ದರು. “ಮೇದೋಜೀರಕ ಗ್ರಂಥಿಯಲ್ಲಿ ಶುರುವಾಗಿ ಲಿವರಿಗೆ ಹರಡಿಬಿಟ್ಟಿದೆ. ಈ ವಯಸ್ಸಿಗೆ, ಈ ಸಕ್ಕರೆಗೆ, ಕೀಮೋ ಅಂತ ಹಿಂಸೆ ಕೊಡೋದು ಬೇಡ. ನೋವಿಗೆ ಮಾತ್ರೆ ಬರೆದಿದ್ದೀನಿ. ಮೂರು ತಿಂಗಳು, ನಾಲ್ಕು ತಿಂಗಳು. ಮನೆಯವರಿಗೆ ನೀವೇ ನಿಧಾನವಾಗಿ ಹೇಳಿ.”

ಬಸ್ಸಿನಲ್ಲಿ ಇಡೀ ದಾರಿ ಅವಳು ವಾಕ್ಯ ಕಟ್ಟುತ್ತ ಬಂದಳು. ಕನ್ನಡದಲ್ಲಿ ಕಟ್ಟಿದರೆ ಅರ್ಧಕ್ಕೇ ನಿಲ್ಲುತ್ತಿತ್ತು. ಇಂಗ್ಲಿಷಿನಲ್ಲಿ ಕಟ್ಟಿದರೆ ಬೇರೆ ಯಾರದೋ ಸುದ್ದಿಯ ಹಾಗೆ ಸಲೀಸಾಗಿ ಬರುತ್ತಿತ್ತು.

ಮನೆ ತಲುಪಿದಾಗ ಮೇಡಂ ಪಡಸಾಲೆಯಲ್ಲಿ ನಾಲ್ಕು ಹುಡುಗಿಯರನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಕಣ್ಣು ಹೋದ ಮೇಲೂ ಅದು ನಿಂತಿರಲಿಲ್ಲ. ಹುಡುಗಿಯರು ಓದಬೇಕು, ಇವರು ಕೇಳಬೇಕು. “‘ಬಟ್’ ನುಂಗಿಬಿಟ್ಟೆಯಲ್ಲೇ. ಆ ‘ಬಟ್’ ಇಲ್ಲದಿದ್ರೆ ಅವನು ಒಳ್ಳೆಯವನಾಗಿಬಿಡ್ತಾನೆ. ತಿರುಗಿ ಓದು.” ಸಮತಾಳ ಹೆಜ್ಜೆ ಸಪ್ಪಳ ಕೇಳಿ ಹುಡುಗಿಯರನ್ನು ಕಳಿಸಿದರು.

ಚಂದ್ರಶೇಖರಪ್ಪ ರೊಟ್ಟಿ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಬಂದರು. “ಏನಂತಮ್ಮಾ?” ಎಂದವರು ಕೈಯನ್ನು ಪಂಚೆಗೆ ಒರೆಸಿಕೊಂಡು, ರಿಪೋರ್ಟಿನ ಅಂಚನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಸವರಿದರು. ಯಾವ ಕಾಗದ ಬಂದರೂ ಅವರು ಮೊದಲು ಹಾಗೆ ಸವರುವವರೇ. “ಹಾಳೆ ಚೆನ್ನಾಗಿದೆ. ಸುದ್ದಿನೂ ಚೆನ್ನಾಗಿರುತ್ತೆ.”

“ನೀವು ಕಾಗದ ಮಾಡಿದ್ರಿ, ನಾನು ಅದರ ಮೇಲಿರೋದನ್ನ ಓದಿದೆ. ಇಬ್ಬರೂ ಸೇರಿ ಒಂದು ಆಳು,” ಎಂದು ನಕ್ಕರು ಮೇಡಂ. ಆಮೇಲೆ ಸಮತಾಳ ಕಡೆ ಮುಖ ತಿರುಗಿಸಿದರು. “ಹೇಳೋದು ಬೇಡ. ಓದು. ಅಲ್ಲಿ ಏನು ಬರೆದಿದೆಯೋ ಅದನ್ನ ಓದು.”

ಮೊದಲ ಹಾಳೆಯಲ್ಲಿ ರಕ್ತದ ಲೆಕ್ಕಾಚಾರಗಳಿದ್ದವು. ಅದನ್ನು ಚಾಚೂ ತಪ್ಪದೆ ಓದಿದಳು. ಹಾಳೆ ತಿರುಗಿಸಿದಳು. ಸಣ್ಣ ಅಕ್ಷರದ ಏಳು ಸಾಲುಗಳು. ಕಣ್ಣು ಒಮ್ಮೆಗೇ ಕೊನೆಯ ಸಾಲಿಗೆ ಹೋಯಿತು. ಚಂದ್ರಶೇಖರಪ್ಪನವರ ಉಗುರಿನ ಸಂದಿಯಲ್ಲಿ ಹಿಟ್ಟಿತ್ತು. ಅದು ಅವಳಿಗೆ ಕಾಣಬಾರದಿತ್ತು.

ಅವಳ ಬಾಯಿಂದ ಇಂಗ್ಲಿಷು ಹೊರಟಿತು. ಸಣ್ಣದೊಂದು ಹುಣ್ಣು ಕಂಡಿದೆ, ಗಾಬರಿಗೆ ಕಾರಣವಿಲ್ಲ, ಮೂರು ತಿಂಗಳು ಮಾತ್ರೆ ತೆಗೆದುಕೊಂಡು ಮತ್ತೆ ಬಂದು ತೋರಿಸಬೇಕು. ಒಂದು ತೊದಲಿಲ್ಲ, ಒಂದು ತಡವರಿಕೆಯಿಲ್ಲ. ಬದುಕಿನಲ್ಲಿ ಅಷ್ಟು ಚೆಂದದ ಇಂಗ್ಲಿಷನ್ನು ಅವಳು ಎಂದೂ ಆಡಿರಲಿಲ್ಲ.

ಮೇಡಂ ತಲೆಯನ್ನು ಎಡಕ್ಕೆ ವಾಲಿಸಿ ಕೇಳುತ್ತಿದ್ದರು. “ಇನ್ನೊಂದು ಸಲ ಓದು.”

ಓದಿದಳು. ಮೂರು ತಿಂಗಳು ಎಂದದ್ದು ಈ ಸಲ ಹನ್ನೆರಡು ವಾರವಾಯಿತು. ಆಗಿದ್ದು ಅವಳಿಗೂ ತಿಳಿಯಿತು.

“ಚೆನ್ನಾಗಿ ಓದಿದೆ,” ಎಂದರು ಮೇಡಂ. “ಕಾಫಿ ಕುಡಿದು ಹೋಗು.”

ಆ ರಾತ್ರಿಯೇ ಪ್ರಿಯದರ್ಶಿನಿ ಫೋನು ಮಾಡಿ ರಿಪೋರ್ಟಿನ ಫೋಟೋ ಕೇಳಿದಳು. ಮೊದಲ ಹಾಳೆಯ ಫೋಟೋವನ್ನು ಮಾತ್ರ ತೆಗೆದುಕೊಂಡಿದ್ದ ಸಮತಾ ಅದನ್ನು ಕಳಿಸಿದಳು. ನಾಳೆ ಹೇಳಿದರಾಯಿತು ಅಂದುಕೊಂಡಳು. ಫೈಲು ಬೀರುವಿನಲ್ಲೇ ಉಳಿಯಿತು. ಇಂಗ್ಲಿಷ್ ಮೇಡಂ ಮನೆಯಲ್ಲಿ ಈಗ ಇಂಗ್ಲಿಷ್ ಓದುವ ಕಣ್ಣೇ ಇರಲಿಲ್ಲ, ಬಚ್ಚಿಡುವ ಅಗತ್ಯವೇನು?

ದೀಪಾವಳಿಗೆ ಮಗಳು ಬೆಳಿಗ್ಗೆ ಬಂದು, ಚುನಾವಣೆ ಕೆಲಸ ಎಂದು ಮಧ್ಯಾಹ್ನವೇ ಹೊರಟಳು. ಸಂಕ್ರಾಂತಿಗೆ ಬರಲಾಗಲಿಲ್ಲ. ಭಾನುವಾರಗಳು ಕಳೆದವು. ಒಂದು ಭಾನುವಾರ ಸಮತಾ ಪೇಪರು ಓದುತ್ತಿದ್ದಾಗ ಮೇಡಂ ನಡುವೆ ತಡೆದರು. “ಸಮತಾ, ನಿನಗೇನಾದ್ರೂ ಹೇಳೋದಿತ್ತಾ?”

“ಏನಿಲ್ಲ ಮೇಡಂ.”

ಅವರು ತಲೆಯನ್ನು ಎಡಕ್ಕೆ ವಾಲಿಸಿ ಕಾದರು. “ಸರಿ. ಮುಂದೆ ಓದು.”

*

ಒಂಬತ್ತೂವರೆಗೆ ಕಾರು ಬಂದು ನಿಂತಿತು. ಪ್ರಿಯದರ್ಶಿನಿ ಇಳಿದವಳೇ ಚಪ್ಪಲಿ ಸಮೇತ ಒಳಗೆ ಓಡಿದಳು. ತಾಯಿಯ ಮಡಿಲಲ್ಲಿ ತಲೆಯಿಟ್ಟು ಕೂಗಿಕೊಂಡಳು. ಸಣ್ಣಮ್ಮ ಅವಳ ಪಾದಗಳಿಂದ ಮೆಲ್ಲಗೆ ಚಪ್ಪಲಿ ಬಿಡಿಸಿ ಹೊರಗೆ ಇಟ್ಟು ಬಂದರು.

ಅತ್ತು ಮುಗಿದ ಮೇಲೆ ಅವಳ ಕಣ್ಣು ಸಮತಾಳನ್ನು ಹುಡುಕಿತು.

“ಇದ್ಯಾವ ಬಣ್ಣನೇ ಅಮ್ಮಂದು? ಅಲ್ಸರಿಗೆ ಯಾರಾದ್ರೂ ಸಾಯ್ತಾರಾ?”

“ಪ್ರಿಯಾ…”

“ಶಿವರಾತ್ರಿಗೆ ಬಂದು ಒಂದು ವಾರ ಇರ್ತೀನಿ ಅಂದಿದ್ದೆ. ಎಂಟೇ ದಿನ ಇತ್ತು. ನೀನಾದ್ರೂ ಒಂದು ಫೋನ್ ಮಾಡಬಾರದಿತ್ತಾ? ನೀನು ಮಗಳಾದೆ, ನಾನು ನೆಂಟಳಾದೆ ಈ ಮನೇಲಿ.”

“ಅವಳನ್ನ ಯಾಕೆ ಬೈತೀಯ?” ಎಂದರು ಚಂದ್ರಶೇಖರಪ್ಪ ಬಾಗಿಲಿನಿಂದ. “ನಾಲ್ಕು ದಿನದಿಂದ ಬೆಡ್ ಪ್ಯಾನ್ ಎತ್ತಿದ್ದಾಳೆ ಆ ಹುಡುಗಿ.”

ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಹೇಳಿಬಿಡುತ್ತೇನೆ ಎಂದು ಸಮತಾ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಅಯ್ಯನವರು ವಿಭೂತಿ, ಬಿಲ್ವಪತ್ರೆ ಹಿಡಿದು ಬಂದರು. ಜನ ಎದ್ದು ದಾರಿ ಬಿಟ್ಟರು. ಜ್ಞಾನೇಶ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಡಾಕ್ಟ್ರಿಗೆ ಯಾವುದೋ ಫೈಲು ಬೇಕಂತಲ್ಲ, ಎಲ್ಲಿದೆ?” ಎಂದ.

“ನೀವು ಇಲ್ಲಿರಿ. ನಾನೇ ಕೊಟ್ಟು ಬರ್ತೀನಿ,” ಎಂದಳು ಸಮತಾ.

ಬೀರು ತೆರೆದು ಫೈಲು ತೆಗೆದುಕೊಂಡು ಹೊರಗೆ ಬಂದಳು. ಕ್ಲಿನಿಕ್ಕು ಬೀದಿಯ ಕೊನೆಯಲ್ಲಿ. ನಡೆಯುತ್ತ ನಡೆಯುತ್ತ ಅವಳ ಬೆರಳು ತಾನಾಗಿಯೇ ಎರಡನೆಯ ಹಾಳೆಯ ಪಿನ್ನನ್ನು ಸಡಿಲಿಸುತ್ತಿತ್ತು. ಡಾಕ್ಟರಿಗೆ ತೋರಿಸಿ, ಚೀಟಿ ಬರೆಸಿಕೊಂಡು, ವಾಪಸು ಬರುವಾಗ ಈ ಹಾಳೆಯನ್ನು ಚರಂಡಿಗೆ ಬಿಟ್ಟರೆ? ಚೀಟಿ ನಗರಸಭೆಗೆ ಹೋಗುತ್ತದೆ. ಪ್ರಿಯದರ್ಶಿನಿ ಕೇಳಿದರೆ ಹೃದಯ ನಿಂತಿತು ಎಂದರಾಯಿತು. ಎಲ್ಲರ ಹೃದಯವೂ ಕೊನೆಗೆ ನಿಂತೇ ನಿಲ್ಲುತ್ತದಲ್ಲ. ಆ ವಾಕ್ಯವೂ ಎಷ್ಟು ಸಲೀಸಾಗಿ ಬಂತು ಎಂದು ಅವಳಿಗೇ ಹೇಸಿಗೆಯಾಯಿತು. ಬೆರಳು ಮಾತ್ರ ಪಿನ್ನನ್ನು ಬಿಡಲಿಲ್ಲ.

“ಸಮತಾ ಮೇಡಂ!”

ಎದುರಿಗೆ ಸ್ಕೂಟರ್ ನಿಲ್ಲಿಸಿ ಇಳಿದವನು ಪುಟ್ಟಣ್ಣ. ಹಳೇನಗರದಲ್ಲಿ ಜೆರಾಕ್ಸು, ಲ್ಯಾಮಿನೇಷನ್ ಅಂಗಡಿ ಇಟ್ಟಿರುವವನು. ಒಂದು ಕೈಯಲ್ಲಿ ಮೇಡಂ ಅವರ ದೊಡ್ಡ ಫೋಟೋ, ಇನ್ನೊಂದರಲ್ಲಿ ಇಡ್ಲಿ ಪೊಟ್ಟಣ.

“ಯಜಮಾನ್ರು ಏನೂ ತಿಂದಿರಲ್ಲ, ಅವರಿಗೂ ಸಕ್ಕರೆ ಅಲ್ವಾ,” ಎಂದ. ಕಣ್ಣು ಊದಿಕೊಂಡಿತ್ತು.

*

ಇಪ್ಪತ್ತೆರಡು ವರ್ಷದ ಹಿಂದೆ ಭದ್ರಾವತಿಯ ಸರ್ಕಾರಿ ಜೂನಿಯರ್ ಕಾಲೇಜಿನಲ್ಲಿ ಇಬ್ಬರೂ ಒಂದೇ ತರಗತಿ. ಸಮತಾ ಹೊಳೆಹೊನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ, ಕನ್ನಡ ಮಾಧ್ಯಮದ ಚುರುಕು ಹುಡುಗಿ. ಪುಟ್ಟಣ್ಣ ಇಂಗ್ಲಿಷಿನಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದು, ಪಾಠ ಕೇಳಲೆಂದೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದವನು.

ಉಳಿದ ಲೆಕ್ಚರರುಗಳು ಒಂದು ತಾಸಿಗೆ ಒಂದು ಪಾಠ ಮುಗಿಸಿ ನೋಟ್ಸು ಬರೆಸುತ್ತಿದ್ದರು. ದಾಕ್ಷಾಯಣಿ ಮೇಡಂ ಎಂಟು ಸಾಲಿಗೆ ಒಂದು ವಾರ ತೆಗೆದುಕೊಳ್ಳುತ್ತಿದ್ದರು. ಡಬ್ಬಿಯಲ್ಲಿ ಹುಣಸೆ ಬೀಜ ತಂದು ಬೆಂಚಿಗೊಂದು ಹಿಡಿ ಹಂಚುವರು. “ಗೊತ್ತಿರೋ ಪದದ ಮೇಲೆ ಒಂದೊಂದು ಬೀಜ ಇಡಿ. ಬೀಜ ಇಲ್ಲದ ಪದಕ್ಕೆ ನಾಚಿಕೋಬೇಡಿ. ಅಲ್ಲಿಂದಲೇ ಪಾಠ ಶುರು.” ಬೆಂಚು ಅಲ್ಲಾಡಿ ಬೀಜ ಉದುರಿ, ತರಗತಿಯಲ್ಲಿ ದಿನವೂ ಗಲಾಟೆ. ಪ್ರಿನ್ಸಿಪಾಲರು ಒಮ್ಮೆ, “ಇದೇನಮ್ಮ, ಚೌಕಾಬಾರ ಆಡಿಸ್ತಿದ್ದೀರಾ?” ಎಂದೂ ಕೇಳಿದ್ದರು.

ಆ ವಾರದ ಎಂಟು ಸಾಲಿನಲ್ಲಿ ಒಬ್ಬ ಮುದುಕ ಮೇಜಿನ ಮೇಲೆ ಎರಡು ತಟ್ಟೆ ಇಡುತ್ತಾನೆ. ಒಂದರಲ್ಲಿ ಉಣ್ಣುತ್ತಾನೆ. ಆಮೇಲೆ ತಟ್ಟೆಗಳನ್ನು ತೊಳೆದು ಕಪಾಟಿನಲ್ಲಿಡುತ್ತಾನೆ. ಅಷ್ಟೇ.

ಸಮತಾ ಎಲ್ಲ ಪದಗಳ ಮೇಲೂ ಬೀಜ ಇಟ್ಟು ಕೈ ಕಟ್ಟಿ ಕೂತಳು. ಮೇಡಂ ಬಂದು ‘ಟೂ’ ಎಂಬುದರ ಮೇಲಿನ ಬೀಜವನ್ನು ಎತ್ತಿಕೊಂಡರು. “ಇದು ಗೊತ್ತಾ ನಿನಗೆ?”

“ಎರಡು ಮೇಡಂ.”

“ಯಾಕೆ ಎರಡು?”

“ಒಂದು ಅವನ ಹೆಂಡತಿಗೆ. ಅವಳು ಸತ್ತುಹೋಗಿದ್ದಾಳೆ.”

“ಹೆಂಡತಿ ಯಾವ ಸಾಲಿನಲ್ಲಿದ್ದಾಳೆ? ತೋರಿಸು.”

ಸಮತಾ ಹುಡುಕಿದಳು. ಎಲ್ಲಿಯೂ ಇರಲಿಲ್ಲ.

“ಚೆನ್ನಾಗಿದೆ ನೀನು ಹೇಳಿದ್ದು. ಇರಲೂಬಹುದು. ಆದರೆ ಅದು ನೀನು ತಂದಿಟ್ಟಿದ್ದು, ಅಲ್ಲಿ ಬರೆದದ್ದಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೋಬೇಕಮ್ಮ. ಬುದ್ಧಿವಂತರಿಗೇ ಇದು ಕಷ್ಟ.”

ಆಗ ಹಿಂದಿನ ಬೆಂಚಿನಿಂದ ಪುಟ್ಟಣ್ಣ ಎದ್ದುನಿಂತ. ಅವನ ಪುಸ್ತಕದ ಮೇಲೆ ನಾಲ್ಕೇ ಬೀಜ. ಬೆರಳಿಟ್ಟು ಒಂದೊಂದೇ ಪದ ಕೂಡಿಸಿ ಕೊನೆಯವರೆಗೂ ಬಂದಿದ್ದ. “ಮೇಡಂ, ಒಂದರಲ್ಲಿ ತಾನೇ ಉಂಡಿದ್ದು? ಇನ್ನೊಂದು ಎಂಜಲೇ ಆಗಿಲ್ಲ. ಎರಡನ್ನೂ ಯಾಕೆ ತೊಳೆದ?”

ತರಗತಿ ಘೊಳ್ಳೆಂದು ನಕ್ಕಿತು. ಮೇಡಂ ನಗಲಿಲ್ಲ. ಪುಸ್ತಕ ತೆಗೆದು ಆ ಸಾಲನ್ನು ಮತ್ತೆ ಓದಿದರು. ಇನ್ನೊಮ್ಮೆ ಓದಿದರು.

“ಹನ್ನೆರಡು ವರ್ಷದಿಂದ ಇದನ್ನ ಪಾಠ ಮಾಡ್ತಿದ್ದೀನಿ ಪುಟ್ಟಣ್ಣ. ನಾನಿದನ್ನ ನೋಡೇ ಇರಲಿಲ್ಲ,” ಎಂದರು.

ಆ ವರ್ಷವೂ ಪುಟ್ಟಣ್ಣ ಫೇಲಾದ. ನಾಲ್ಕನೆಯ ಸಲಕ್ಕೆ ಮೂವತ್ತೈದು ತೆಗೆದು ಪಾಸಾದಾಗ ಒಂದು ಕೇಜಿ ಪೇಡೆ ತೆಗೆದುಕೊಂಡು ನ್ಯೂಟೌನಿಗೆ ಬಂದಿದ್ದ.

*

“ಮೇಡಂ ರಿಪೋರ್ಟ್ ಅಲ್ವಾ ಅದು?” ಪುಟ್ಟಣ್ಣ ಫೈಲನ್ನು ನೋಡುತ್ತ ಕೇಳಿದ.

ಸಮತಾಳ ಬೆರಳು ಪಿನ್ನಿನ ಮೇಲೆ ನಿಂತಿತು. “ನಿನಗೆ ಹೇಗೆ ಗೊತ್ತು?”

“ನಾನೇ ಓದಿದ್ದಲ್ವಾ ಅವರಿಗೆ.” ಸ್ವಲ್ಪ ತಡೆದ. “ನಿಮಗೆ ಹೇಳಬೇಡ ಅಂದಿದ್ರು. ಇನ್ನೇನು, ಅವರೇ ಇಲ್ಲ. ನೀವು ಓದಿ ಹೋದ ಮಾರನೇ ದಿನವೋ, ಅದರ ಮಾರನೇ ದಿನವೋ. ಯಜಮಾನ್ರು ಸಂತೆಗೆ ಹೋಗಿದ್ರು. ನನಗೆ ಫೋನ್ ಮಾಡಿ, ಒಂದು ಕಾಗದ ಓದೋದಿದೆ ಬಾರೋ ಅಂದ್ರು. ನನಗೆ ಇಂಗ್ಲಿಷ್ ಅರ್ಥ ಆಗಲ್ವಲ್ಲ ಮೇಡಂ ಅಂದೆ. ‘ಅದಕ್ಕೇ ನಿನ್ನ ಕರೆದಿದ್ದು. ನಿನಗೆ ಬಿಟ್ಟು ಓದಕ್ಕೂ ಬರಲ್ಲ, ಸೇರಿಸಿ ಓದಕ್ಕೂ ಬರಲ್ಲ’ ಅಂದ್ರು.”

ಬೀದಿಯಲ್ಲಿ ಹಾಲಿನ ಗಾಡಿಯೊಂದು ಹಾರ್ನ್ ಮಾಡುತ್ತ ಹೋಯಿತು.

“ಓದಿದೆ. ಕೆಲವು ಪದ ಬಾಯಿಗೇ ಬರಲಿಲ್ಲ. ಒಂದೊಂದೇ ಅಕ್ಷರ ಹೇಳು ಅಂದ್ರು. ಎಂ, ಇ, ಟಿ, ಎ… ಹಂಗೆ. ಎರಡನೇ ಹಾಳೆ ಏಳು ಸಾಲಿಗೆ ಅರ್ಧ ಗಂಟೆ ಆಯ್ತು. ಸುಮ್ನೆ ಕೇಳಿದ್ರು. ಆಮೇಲೆ ನಕ್ಕರು ಮಾರಾಯ್ರೇ! ‘ಸಮತಾ ತುಂಬ ಚೆನ್ನಾಗಿ ಓದಿಬಿಟ್ಟಳು ಕಣೋ. ಡಾಕ್ಟರುಗಳು ಅಷ್ಟು ಒಳ್ಳೆ ಇಂಗ್ಲಿಷ್ ಬರೆಯಲ್ಲ’ ಅಂದ್ರು. ‘ಅವಳಿಗೆ ಹೇಳಬೇಡ. ತಾನಾಗೇ ಹೇಳ್ತಾಳೆ’ ಅಂದ್ರು.”

ಹದಿನಾರು ಭಾನುವಾರ. ಅಷ್ಟೂ ಭಾನುವಾರ ಅವರು ತಲೆ ವಾಲಿಸಿ ಕೂತು ಕಾದಿದ್ದರು. ಇವಳು ಚಿನ್ನದ ಬೆಲೆ, ಡ್ಯಾಮಿನ ನೀರಿನ ಮಟ್ಟ, ಯಾರದೋ ವರ್ಗಾವಣೆಯ ಸುದ್ದಿ ಓದಿದ್ದಳು. ಕಾಫಿ ಕುಡಿದು ಬಸ್ಸು ಹತ್ತಿದ್ದಳು.

“ಅಂಗಡಿಗೆ ಹೋಗಿ ಮೊಬೈಲಲ್ಲಿ ಆ ಪದ ಹಾಕಿ ನೋಡ್ದೆ,” ಎಂದ ಪುಟ್ಟಣ್ಣ. “ಎರಡು ದಿನ ಅಂಗಡಿ ಬಾಗಿಲು ತೆಗೀಲಿಲ್ಲ. ತಿರುಗಾ ಬಂದು ಕೇಳ್ದೆ, ಹಾವೇರಿ ಅಕ್ಕಂಗೆ ಫೋನ್ ಮಾಡ್ಲಾ ಮೇಡಂ ಅಂತ. ಬೇಡ ಅಂದ್ರು.”

“ಯಾಕಂತೆ?”

“ಹೇಳಲಿಲ್ಲ.”

“ಏನೂ ಹೇಳಲಿಲ್ವಾ?”

“ಬೇಡ ಅಂದ್ರು. ಅಷ್ಟೇ.” ಅವನು ಇಡ್ಲಿ ಪೊಟ್ಟಣವನ್ನು ಕೈ ಬದಲಿಸಿಕೊಂಡ. “ಆರಿಹೋಗುತ್ತೆ. ಬರ್ತೀನಿ.”

ಸಮತಾ ಕ್ಲಿನಿಕ್ಕಿಗೆ ಹೋದಳು. ಡಾಕ್ಟರು ಎರಡೂ ಹಾಳೆ ನೋಡಿ, ಬರೆದು, ಸೀಲು ಒತ್ತಿ ಕೊಟ್ಟರು. ವಾಪಸು ಬರುವಾಗ ಚರಂಡಿ ದಾರಿಯುದ್ದಕ್ಕೂ ಪಕ್ಕದಲ್ಲೇ ಇತ್ತು. ಅವಳು ಮನೆ ಹೊಕ್ಕು ಫೈಲನ್ನೂ ಚೀಟಿಯನ್ನೂ ಜ್ಞಾನೇಶನ ಕೈಗೆ ಕೊಟ್ಟಳು. ಅವನು ನೋಡದೆಯೇ ಚೀಲಕ್ಕೆ ಹಾಕಿಕೊಂಡ.

*

ಮಧ್ಯಾಹ್ನ ಎರಡಕ್ಕೆ ವಿಮಾನ ಎತ್ತಿದರು. ಬಿದಿರು ಕಟ್ಟಿ ಚೆಂಡುಹೂ ಸುತ್ತಿದ ಆ ಚೌಕಟ್ಟಿನೊಳಗೆ ಮೇಡಂ ಕೂತು ಹೊರಟರು. ಬೀದಿಯ ತುದಿಯಲ್ಲಿ ಆ ನಾಲ್ಕು ಹುಡುಗಿಯರು ಕಾಲೇಜಿನ ಯೂನಿಫಾರಂನಲ್ಲೇ ನಿಂತಿದ್ದರು. ಬರಬೇಕೋ ಬಾರದೋ ತಿಳಿಯದೆ ಒಬ್ಬರ ಹಿಂದೊಬ್ಬರು ಅಡಗುತ್ತಿದ್ದರು. ಸಣ್ಣಮ್ಮ ಕೈ ಬೀಸಿ ಕರೆದು, ಬಿಸಿಲಿಗೆ ತಮ್ಮ ಕೊಡೆಯನ್ನು ಅವರಿಗೆ ಕೊಟ್ಟು ತಾವು ಸೆರಗು ಹೊದ್ದುಕೊಂಡರು.

ರುದ್ರಭೂಮಿಯ ಬಾಗಿಲಲ್ಲಿ ಎಲ್ಲರೂ ಚಪ್ಪಲಿ ಬಿಟ್ಟರು. ಗುಂಡಿ ತೋಡುವಾಗ ಜಲ ಬಂದಿತ್ತೋ ಏನೋ, ಸುತ್ತಲೂ ಕೆಸರು. ಗುಂಡಿಯ ಒಳಬದಿಗೆ ಕೊರೆದ ಗೂಡಿನೊಳಗೆ ಕೂರಿಸಿ, ವಿಭೂತಿ ಗಟ್ಟಿಗಳನ್ನು ಇಟ್ಟು, ಬಿಲ್ವ, ಉಪ್ಪು, ಆಮೇಲೆ ಮಣ್ಣು. ಚಂದ್ರಶೇಖರಪ್ಪ ಒಂದು ಹಿಡಿ ಮಣ್ಣು ತೆಗೆದುಕೊಂಡು, ಅಭ್ಯಾಸದಂತೆ ಹೆಬ್ಬೆರಳಿನಿಂದ ಒಮ್ಮೆ ಸವರಿ, ಹಾಕಿದರು.

ಮುಗಿದ ಮೇಲೆ ಜನ ಒಬ್ಬೊಬ್ಬರಾಗಿ ಗೇಟಿನ ಪಕ್ಕದ ನೀರಿನ ತೊಟ್ಟಿಗೆ ಹೋಗಿ ಕಾಲು ತೊಳೆದು ಟೆಂಪೋ ಹತ್ತಿದರು. ಕೊನೆಗೆ ಉಳಿದವರು ಪ್ರಿಯದರ್ಶಿನಿ, ಸಮತಾ. ಪ್ರಿಯದರ್ಶಿನಿ ತೊಟ್ಟಿಯ ಮಗ್ಗನ್ನು ಕೈಯಲ್ಲಿ ಹಿಡಿದಿದ್ದಳು.

“ಪ್ರಿಯಾ, ಅಲ್ಸರ್ ಅಲ್ಲ ಅದು,” ಎಂದಳು ಸಮತಾ. “ಕ್ಯಾನ್ಸರು. ಲಿವರಿಗೆ ಹರಡಿತ್ತು. ಅಕ್ಟೋಬರಿನಲ್ಲೇ ನನಗೆ ಗೊತ್ತಿತ್ತು. ನಾನು ಸುಳ್ಳು ಓದಿದೆ. ನಿನಗೆ ಮೊದಲ ಹಾಳೆ ಮಾತ್ರ ಕಳಿಸಿದೆ. ಎರಡನೇದು ನಿನ್ನ ಗಂಡನ ಚೀಲದಲ್ಲಿದೆ.”

ಕೂಗಾಡುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದಳು ಸಮತಾ. ಹೊಡೆದಿದ್ದರೆ ಹಗುರಾಗುತ್ತಿತ್ತು.

“ನೀನು ಕಳಿಸಿದ ಫೋಟೋದ ಕೆಳಗೆ ‘ಎರಡರಲ್ಲಿ ಒಂದು’ ಅಂತ ಇತ್ತು ಕಣೆ,” ಎಂದಳು ಅವಳು. “ನಾನು ನೋಡಿದ್ದೆ. ಎರಡನೇದು ಎಲ್ಲಿ ಅಂತ ಕೇಳಬೇಕು ಅಂದ್ಕೊಂಡೆ. ಕೇಳಲಿಲ್ಲ. ಚೆನ್ನಾಗಿದೆ ಅಂತ ನೀನು ಹೇಳಿದ್ದೆಯಲ್ಲ, ಅಷ್ಟು ಸಾಕಾಗಿತ್ತು ನನಗೆ.”

ಟೆಂಪೋದವನು ಹಾರ್ನ್ ಹೊಡೆದ.

“ಅಮ್ಮಂಗೆ ಗೊತ್ತಿತ್ತಾ?”

ಪುಟ್ಟಣ್ಣನ ಮಾತು ಕೇಳಿದಾಗಿನಿಂದ ಸಮತಾ ಆ ಪ್ರಶ್ನೆಗೇ ಹೆದರಿದ್ದಳು. ಗೊತ್ತಿರಲಿಲ್ಲ ಎಂದರೆ ತಪ್ಪೆಲ್ಲ ತನ್ನದಾಗುತ್ತದೆ. ತಾಯಿ ಮಗಳಿಗೆ ಉಳಿಯುತ್ತಾಳೆ.

“ಗೊತ್ತಿತ್ತು. ಎರಡೇ ದಿನಕ್ಕೆ ಪುಟ್ಟಣ್ಣನ ಹತ್ರ ಪೂರ್ತಿ ಓದಿಸಿ ಕೇಳಿದ್ರಂತೆ.”

“ಗೊತ್ತಿದ್ದೂ ದೀಪಾವಳಿ ದಿವಸ ಹೋಗಿ ಬಾ ಅಂದಳಾ?” ಎಂದಳು ಪ್ರಿಯದರ್ಶಿನಿ. “ನನಗೆ ಹೇಳೋದು ಬೇಡ ಅಂದಳಾ?”

“ಪುಟ್ಟಣ್ಣ ಫೋನ್ ಮಾಡ್ಲಾ ಅಂತ ಕೇಳಿದನಂತೆ. ಬೇಡ ಅಂದ್ರಂತೆ.”

“ಯಾಕೆ?”

ಸಮತಾಳ ನಾಲಿಗೆಯ ತುದಿಯಲ್ಲಿ ಒಂದು ವಾಕ್ಯ ಸಿದ್ಧವಾಗಿತ್ತು. ನಿನ್ನ ಕೆಲಸಕ್ಕೆ ತೊಂದರೆ ಆಗಬಾರದು ಅಂತ, ನೀನು ನೊಂದುಕೊಳ್ಳಬಾರದು ಅಂತ. ಚೆಂದದ ವಾಕ್ಯ. ನಿಜವೂ ಇರಬಹುದು. ಪ್ರಿಯದರ್ಶಿನಿ ಅದಕ್ಕಾಗಿ ಮುಖವೊಡ್ಡಿ ನಿಂತಿದ್ದಳು.

“ನನಗೆ ಗೊತ್ತಿಲ್ಲ,” ಎಂದಳು ಸಮತಾ. “ಅವರು ಹೇಳಲಿಲ್ಲ.”

ಪ್ರಿಯದರ್ಶಿನಿ ತಲೆಯಾಡಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ಅಪ್ಪಂಗೆ ನೀನೇ ಓದಿ ಹೇಳಬೇಕು. ಇವತ್ತೇ. ನನ್ನ ಕೈಲಾಗಲ್ಲ.”

“ಹೂಂ.”

ಪ್ರಿಯದರ್ಶಿನಿ ಮಗ್ಗಿನಲ್ಲಿ ನೀರು ಮೊಗೆದು ತನ್ನ ಕಾಲುಗಳನ್ನು ತೊಳೆದುಕೊಂಡಳು. ಮತ್ತೊಂದು ಮಗ್ಗು ಮೊಗೆದಳು. ಸಮತಾಳ ಮುಖವನ್ನು ನೋಡದೆ, ಬಗ್ಗಿ, ಅವಳ ಬಲಗಾಲಿನ ಮೇಲೆ ಸುರಿದಳು. ಬೆರಳ ಸಂದಿಯ ಕೆಸರು ಹೋಗುವ ತನಕ ನಿಧಾನವಾಗಿ ಸುರಿದಳು. ಮಗ್ಗು ಖಾಲಿಯಾಯಿತು. ತೊಟ್ಟಿಯ ತುಂಬ ನೀರಿತ್ತು. ಅವಳು ಮಗ್ಗನ್ನು ತೊಟ್ಟಿಯ ಅಂಚಿನ ಮೇಲೆ ಬೋರಲು ಹಾಕಿ ಟೆಂಪೋ ಕಡೆಗೆ ನಡೆದಳು.

ಸಮತಾ ಅಲ್ಲೇ ನಿಂತಿದ್ದಳು. ಒಂದು ಪಾದ ತೊಳೆದು ಬೆಳ್ಳಗಾಗಿತ್ತು. ಇನ್ನೊಂದು ಹರಡಿನವರೆಗೂ ಮಣ್ಣಾಗಿತ್ತು.